ಓವರ್‌ಫ್ಲೋ ಪೈಪಿಗೆ ಬೋಲ್ಟ್ ಹಾಕಬೇಡಿ

ಪ್ರಶ್ನೆ: ತೋಟದ ಶೆಡ್ಡಿನಲ್ಲಿದ್ದ ಅಜ್ಜನ ಮಾರಿಸ್ ಮೈನರ್ ಕಾರನ್ನು ರಿಪೇರಿ ಮಾಡಿಸುತ್ತಿದ್ದೇನೆ. ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರ್ ಮುಚ್ಚಳದಲ್ಲಿರುವ ಸಣ್ಣ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಅದನ್ನು ಮುಚ್ಚಬಹುದೇ? ಇಲ್ಲವಾದರೆ ಎಲ್ಲಿಗೆ ಬಿಡಬೇಕು? (ಓದುಗರು, ಆಲ್ದೂರು)

ಮುಚ್ಚಬಾರದು. ಕಾಫಿ ಕೊಯ್ಲು ಮುಗಿದು ಹಳೆಯ ಕಾರುಗಳ ಟಾರ್ಪಾಲು ಸರಿಯುವ ಹೊತ್ತಿಗೆ ಮೂಡಿಗೆರೆಯಿಂದ ಸಕಲೇಶಪುರದವರೆಗೆ ಎಲ್ಲರೂ ಇದನ್ನೇ ಕೇಳುತ್ತಾರೆ. ಉತ್ತರ ಕೇಳಿಸಿಕೊಂಡು ಹೋಗಿ, ಮತ್ತೆ ಅದೇ ಬೋಲ್ಟ್ ತುರುಕುತ್ತಾರೆ. ಆದ್ದರಿಂದ ಈ ಸಲ ಕಾರಣವನ್ನೇ ಬಿಡಿಸಿ ಹೇಳುತ್ತೇನೆ.

ಕಾರ್ಬ್ಯುರೇಟರು ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುತ್ತದೆ; ಫ್ಲೋಟ್ ಚೇಂಬರ್ ಅದಕ್ಕೆ ಬೇಕಾದ ಪೆಟ್ರೋಲ್ ನಿಲ್ಲುವ ಪುಟ್ಟ ಡಬ್ಬಿ. ನಿಮ್ಮ ಕಾರಿನ ಎಸ್‌ಯು ಎಂಬ ಮಾದರಿಯ ಕಾರ್ಬ್ಯುರೇಟರಿನಲ್ಲಿ ಆ ಪೈಪಿಗೆ ಎರಡು ಕೆಲಸ. ಹೆಚ್ಚಾದ ಪೆಟ್ರೋಲನ್ನು ಹೊರಹಾಕುವುದು ಒಂದು. ಚೇಂಬರಿಗೆ ಹೊರಗಿನ ಗಾಳಿಯ ಸಂಪರ್ಕ ಕೊಡುವುದು ಇನ್ನೊಂದು. ಎರಡನೆಯದು ಯಾರಿಗೂ ನೆನಪಿರುವುದಿಲ್ಲ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆ ಗುಳುಗುಳು ಎಂದು ನಿಂತು ನಿಂತು ಬರುತ್ತದೆ. ಇನ್ನೊಂದು ತೂತು ಬಿದ್ದಾಗಲೇ ಧಾರೆ ಸಲೀಸು. ಚೇಂಬರಿನ ಪೆಟ್ರೋಲಿನ ಮೇಲೆ ವಾತಾವರಣದ ಒತ್ತಡ ಇದ್ದರೆ ಮಾತ್ರ ಜೆಟ್ (ಪೆಟ್ರೋಲ್ ಹೊರಬರುವ ಸಣ್ಣ ರಂಧ್ರ) ಅದನ್ನು ಹದವಾಗಿ ಎಳೆಯಬಲ್ಲದು. ಆ ದಾರಿ ಮುಚ್ಚಿದರೆ ಎಳೆತ ಕಡಿಮೆಯಾಗಿ ಎಂಜಿನ್ ಸೊರಗಬಹುದು, ಅಥವಾ ಶಾಖಕ್ಕೆ ಒಳಗೇ ಆವಿ ತುಂಬಿ ಪೆಟ್ರೋಲ್ ಜೆಟ್ಟಿನಿಂದ ಉಕ್ಕಬಹುದು.

‘ಬೋಲ್ಟ್ ಹಾಕಿದ ಮೇಲೆ ತೊಟ್ಟಿಕ್ಕುವುದು ನಿಂತಿತಲ್ಲ?’ ಎಂದು ವಾದಿಸುವವರಿದ್ದಾರೆ. ನಿಂತದ್ದು ಕಣ್ಣಿಗೆ ಕಾಣುವ ತೊಟ್ಟು ಮಾತ್ರ. ಚೇಂಬರ್ ತುಂಬಿದಾಗ ಫ್ಲೋಟ್ ಎಂಬ ತೇಲುಬುರುಡೆ ಮೇಲೆದ್ದು, ಪೆಟ್ರೋಲ್ ಬರುವ ದಾರಿಯ ಸೂಜಿ ಕವಾಟವನ್ನು ಮುಚ್ಚಬೇಕು. ಆ ಕವಾಟ ಕಚ್ಚದೇ ಇದ್ದರೆ ಪಂಪು ಪೆಟ್ರೋಲನ್ನು ತಳ್ಳುತ್ತಲೇ ಇರುತ್ತದೆ. ಅದು ಜೆಟ್ಟಿನ ಮೂಲಕ ಸಿಲಿಂಡರಿಗೆ ಇಳಿದು, ಎಂಜಿನ್ ಆಯಿಲಿಗೆ ಬೆರೆತು ಆಯಿಲನ್ನು ತೆಳುಮಾಡುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಗೊತ್ತಾಗುತ್ತದೆ. ಇಲ್ಲವೇ ಮುಚ್ಚಳದ ಗ್ಯಾಸ್ಕೆಟ್ಟಿನ ಅಂಚಿನಿಂದ ಜಿನುಗುತ್ತದೆ. ಮೈನರಿನಲ್ಲೂ ಹಳೆಯ 1489 ಸಿಸಿ ಅಂಬಾಸಿಡರಿನಲ್ಲೂ ಕಾರ್ಬ್ಯುರೇಟರು, ಎಕ್ಸಾಸ್ಟ್ ಮ್ಯಾನಿಫೋಲ್ಡು (ಬಿಸಿ ಹೊಗೆ ಹೊರಹೋಗುವ ಕೊಳವೆ) ಎಂಜಿನ್ನಿನ ಒಂದೇ ಮಗ್ಗುಲಲ್ಲಿವೆ. ಜಿನುಗಿದ ಪೆಟ್ರೋಲ್ ಬೀಳುವುದು ಕಾದ ಕಬ್ಬಿಣದ ಮೇಲೆ. ಬೋಲ್ಟ್ ಹಾಕುವ ಮೆಕ್ಯಾನಿಕ್ಕು ಈ ಒಂದು ಅಪಾಯವನ್ನಾದರೂ ಯೋಚಿಸಬೇಕು.

ಇನ್ನು ದಾರಿ. ಪೈಪು ಮುಚ್ಚಳದಿಂದ ಹೊರಟು ಎಲ್ಲೂ ಮೇಲೇಳದೆ, ಜೋತುಬೀಳದೆ ಇಳಿಯುತ್ತಲೇ ಹೋಗಬೇಕು. ನಡುವೆ ಜೋತುಬಿದ್ದರೆ ಅಲ್ಲಿ ಪೆಟ್ರೋಲ್ ನಿಂತು, ಬೋಲ್ಟ್ ಹಾಕಿದಷ್ಟೇ ಕೆಟ್ಟದ್ದಾಗುತ್ತದೆ. ತುದಿಯನ್ನು ಬಾಟಲಿಯ ಪೆಟ್ರೋಲಿನಲ್ಲಿ ಮುಳುಗಿಸಿದರೂ ಹಾಗೆಯೇ. ತುದಿ ಮ್ಯಾನಿಫೋಲ್ಡು ಮತ್ತು ಸೈಲೆನ್ಸರ್ ಪೈಪನ್ನು ದಾಟಿ ಕೆಳಗಿರಬೇಕು. ಕಿಡಿ ಹಾರಬಹುದಾದ ಡೈನಮೋ, ಸ್ಟಾರ್ಟರುಗಳಿಂದ ದೂರವಿರಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಅದು ತಗ್ಗಿಗೇ ಇಳಿಯುತ್ತದೆ. ಅಲುಗದಂತೆ ಕ್ಲಿಪ್ ಹಾಕಿ. ಮೂಲ ಲೋಹದ ಪೈಪು ಉಳಿದಿದ್ದರೆ ಅದನ್ನೇ ಬಳಸಿ. ರಬ್ಬರ್ ಹಾಕುವುದಾದರೆ ಎಥನಾಲ್ ತಾಳುವಂಥದ್ದು ಬೇಕು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ.

ಇಷ್ಟಾದರೂ ತೊಟ್ಟಿಕ್ಕುತ್ತಿದ್ದರೆ ತಪ್ಪು ಪೈಪಿನದಲ್ಲ. ಸೂಜಿ ಕವಾಟದಲ್ಲಿ ಕಸ ಸಿಕ್ಕಿದೆ, ಕವಾಟ ಸವೆದಿದೆ, ಇಲ್ಲವೇ ಫ್ಲೋಟ್ ತೂತಾಗಿ ಮುಳುಗಿದೆ. ಮಳೆಗಾಲವಿಡೀ ನಿಂತ ಕಾರಿನಲ್ಲಿ ಒಣಗಿದ ಪೆಟ್ರೋಲಿನ ಅಂಟು ಕವಾಟವನ್ನು ಹಿಡಿದಿರುವುದೂ ಸಾಮಾನ್ಯ. ನಮ್ಮ ಕಡೆ ಇನ್ನೊಂದು ಕಾಟವಿದೆ: ಕುಂಬಾರ ಹುಳು. ಶೆಡ್ಡಿನಲ್ಲಿ ನಿಂತ ಕಾರಿನ ತೆರೆದ ಪೈಪಿನೊಳಗೆ ಅದು ಮಣ್ಣಿನ ಗೂಡು ಕಟ್ಟುತ್ತದೆ. ಸ್ಟಾರ್ಟ್ ಮಾಡುವ ಮೊದಲು ಪೈಪು ಬಿಚ್ಚಿ ಸೈಕಲ್ ಪಂಪಿನಿಂದ ಗಾಳಿ ಹಾಯಿಸಿ.

ನೀವು ಕೇಳಿಲ್ಲ, ಆದರೂ ಟ್ಯಾಂಕಿನ ಮುಚ್ಚಳದ ಬಗ್ಗೆ ಹೇಳಬೇಕು. ಅನೇಕ ಹಳೆಯ ಕಾರುಗಳಲ್ಲಿ ಟ್ಯಾಂಕಿಗೆ ಗಾಳಿ ಹೋಗುವ ರಂಧ್ರ ಮುಚ್ಚಳದಲ್ಲೇ ಇರುತ್ತದೆ. ಚೆಂದ ಕಂಡಿತೆಂದು ರಂಧ್ರವಿಲ್ಲದ ಮುಚ್ಚಳ ಹಾಕಿದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ, ಕೈಮರ ದಾಟಿ ಮುಳ್ಳಯ್ಯನಗಿರಿ ಏರುವಾಗ ಕಾರು ನಿಲ್ಲುತ್ತದೆ; ಜನ ಪಂಪನ್ನು ಬದಲಿಸುತ್ತಾರೆ. ಹಾಗೆ ನಿಂತಾಗ ಮೊದಲು ಮುಚ್ಚಳ ತಿರುಗಿಸಿ ನೋಡಿ. ಗಾಳಿ ಸುಯ್ಯೆಂದು ಒಳಗೆ ನುಗ್ಗಿ ಕಾರು ಮತ್ತೆ ಹೊರಟರೆ ಪಂಪನ್ನು ಮುಟ್ಟಬೇಡಿ, ಮುಚ್ಚಳ ಬದಲಿಸಿ.