ಒಂದು ಫೋಟೊಗೆ ನಾಲ್ಕು ಫೈಲು ಯಾಕೆ?

ಐಫೋನ್‌ನಲ್ಲಿ ಒಂದು ಫೋಟೊ ತೆಗೆದು, ಸ್ವಲ್ಪ ಬೆಳಕು ಜಾಸ್ತಿ ಮಾಡಿ, ಓರೆಯಾಗಿದ್ದದ್ದನ್ನು ನೇರ ಮಾಡಿ, ಆಮೇಲೆ ಕೇಬಲ್ ಹಾಕಿ ವಿಂಡೋಸ್ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ ನೋಡಿ. ತೆಗೆದದ್ದು ಒಂದೇ ಫೋಟೊ. ಫೋಲ್ಡರ್‌ನಲ್ಲಿ ಬಂದು ಕೂತಿರುವುದು ನಾಲ್ಕು ಫೈಲು, ಕೆಲವೊಮ್ಮೆ ಐದು. ‘ಐಎಂಜಿ_1234’ ಅಂತ ಒಂದು ಎಚ್‌ಇಐಸಿ ಫೈಲು, ಅದೇ ಹೆಸರಿನ ಒಂದು ಎಂಒವಿ, ಅದೇ ಹೆಸರಿನ ಒಂದು ಎಎಇ, ಜೊತೆಗೆ ಹೆಸರಿನ ನಡುವೆ ‘ಇ’ ಅಕ್ಷರ ಸೇರಿಕೊಂಡ ಇನ್ನೊಂದು ಚಿತ್ರ.

ಯಾವುದೂ ಕಸ ಅಲ್ಲ. ಮೊದಲನೆಯದು ಮೂಲ ಚಿತ್ರ. ಎಂಒವಿ ಅನ್ನುವುದು ಲೈವ್ ಫೋಟೊದ ಪುಟ್ಟ ವಿಡಿಯೊ, ಬಟನ್ ಒತ್ತುವುದಕ್ಕೆ ಸ್ವಲ್ಪ ಮೊದಲಿನಿಂದ ಒತ್ತಿದ ಸ್ವಲ್ಪ ಹೊತ್ತಿನವರೆಗೆ ಏನಾಯ್ತೋ ಅದು. ಎಎಇ ಫೈಲಿನಲ್ಲಿ ಚಿತ್ರವೇ ಇಲ್ಲ, ನೀವು ಏನೇನು ತಿದ್ದಿದ್ದೀರಿ ಅನ್ನುವ ಟಿಪ್ಪಣಿ ಮಾತ್ರ ಇದೆ. ‘ಇ’ ಇರುವುದು ತಿದ್ದಿದ ಮೇಲಿನ ಚಿತ್ರ. ಫೋನಿನೊಳಗಿನ ಆ್ಯಪ್‌ಗೆ ಇವುಗಳ ಸಂಬಂಧ ಗೊತ್ತು, ಹಾಗಾಗಿ ಎಲ್ಲವನ್ನೂ ಸೇರಿಸಿ ಒಂದೇ ಫೋಟೊ ಅಂತ ತೋರಿಸುತ್ತಿತ್ತು. ಲ್ಯಾಪ್‌ಟಾಪ್‌ಗೆ ಆ ಸಂಬಂಧ ಗೊತ್ತಿಲ್ಲ. ಜಾಗ ಉಳಿಸೋಣ ಅಂತ ‘ಬೇಡದ’ ಫೈಲುಗಳನ್ನು ಡಿಲೀಟ್ ಮಾಡುವವರು ಎಷ್ಟೋ ಸಲ ಮಗುವಿನ ಮೊದಲ ನಗುವಿನ ಆ ಮೂರು ಸೆಕೆಂಡನ್ನೇ ಅಳಿಸಿರುತ್ತಾರೆ.

ಫೋಟೊ ಅಂದರೆ ಕಣ್ಣಿಗೆ ಕಾಣುವ ಚಿತ್ರ ಅಂತ ಅಂದುಕೊಂಡಿರುತ್ತೇವೆ ಅಲ್ವಾ? ನಿಜವಾಗಿ ಅದೊಂದು ಗಂಟು. ತೆಗೆದ ತಾರೀಖು, ಜಾಗ, ಯಾವ ಕ್ಯಾಮೆರಾ, ಫೋನನ್ನು ಉದ್ದ ಹಿಡಿದಿದ್ದಿರೋ ಅಡ್ಡ ಹಿಡಿದಿದ್ದಿರೋ, ಇದರ ಜೋಡಿ ವಿಡಿಯೊ ಯಾವುದು, ಎಲ್ಲವೂ ಚಿತ್ರದ ಜೊತೆ ಕಟ್ಟಿಕೊಂಡಿರುತ್ತದೆ. ಒಂದು ಕಂಪನಿಯ ಸಾಧನದಿಂದ ಇನ್ನೊಂದಕ್ಕೆ ಸಾಗಿಸುವಾಗ ಆ ಗಂಟಿನಿಂದ ಏನಾದರೊಂದು ಉದುರುತ್ತದೆ. ಚಿತ್ರ ಚೆನ್ನಾಗೇ ಕಾಣುತ್ತಿರುತ್ತದೆ, ಹಾಗಾಗಿ ಉದುರಿದ್ದು ಗೊತ್ತಾಗುವುದಿಲ್ಲ. ಎಷ್ಟೋ ವರ್ಷ ಬಿಟ್ಟು ‘ಪಾಪುವಿನ ನಾಮಕರಣ ಯಾವ ತಿಂಗಳಲ್ಲಿತ್ತು’ ಅಂತ ಹುಡುಕಿದಾಗ ಗೊತ್ತಾಗುತ್ತದೆ. ಅಷ್ಟೊತ್ತಿಗೆ ಹಳೇ ಫೋನು ಎಕ್ಸ್‌ಚೇಂಜ್‌ಗೆ ಹೋಗಿ ಆಗಿರುತ್ತದೆ.

ಮೊದಲು ಚಿತ್ರದ ವಿಷಯ. ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ ಫೋಟೊವನ್ನು ಜೆಪೆಗ್ ರೂಪದಲ್ಲಿ ಉಳಿಸುತ್ತವೆ. ಐಫೋನು 2017ರ ಐಒಎಸ್ 11ರಿಂದ ಎಚ್‌ಇಐಸಿ ರೂಪದಲ್ಲಿ ಉಳಿಸುತ್ತದೆ. ಜೆಪೆಗ್ 1992ರಷ್ಟು ಹಳೆಯದು, ಇವತ್ತಿಗೂ ಅದನ್ನು ತೆರೆಯಲಾಗದ ಸಾಧನ ಸಿಗುವುದು ಕಷ್ಟ. ಅದರೊಳಗಿನ ಮುಖ್ಯ ಲೆಕ್ಕವನ್ನು ಕೊಟ್ಟವರು ಬೆಂಗಳೂರಿನವರು. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ ಬೆಂಗಳೂರಿನಲ್ಲಿ, ಇಂಜಿನಿಯರಿಂಗ್ ಓದಿದ್ದು ಕೆ.ಆರ್. ಸರ್ಕಲ್‌ನ ಯುವಿಸಿಇಯಲ್ಲಿ. ಮುಂದೆ ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದಾಗ, 1972ರಲ್ಲಿ, ಈ ಲೆಕ್ಕದ ಮೇಲೆ ಕೆಲಸ ಮಾಡಲು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಹಣ ಕೇಳಿದರು. ಸಿಗಲಿಲ್ಲ. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಅನ್ನು ಪ್ರಕಟಿಸಿದರು. ನಮ್ಮ ಶಾಲಾ ಪುಸ್ತಕಗಳಲ್ಲಿ ಈ ಹೆಸರು ಇರಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಅದು ಕೆಲಸ ಮಾಡುವ ರೀತಿ ನೋಡಿ. ಸುಣ್ಣ ಬಳಿದ ಗೋಡೆಯ ಮುಂದೆ ಜರಿ ಸೀರೆ ಉಟ್ಟ ಅಜ್ಜಿ ನಿಂತಿದ್ದಾರೆ ಅಂದುಕೊಳ್ಳಿ. ಜೆಪೆಗ್ ಆ ಚಿತ್ರವನ್ನು ಎಂಟಕ್ಕೆ ಎಂಟರ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. ಒಂದು ಚೌಕದಲ್ಲಿ 64 ಚುಕ್ಕಿ, ಅಂದರೆ 64 ಅಂಕಿ. ಅಹ್ಮದ್ ಅವರ ಲೆಕ್ಕ ಆ 64 ಅಂಕಿಗಳನ್ನು ಬೇರೆ 64 ಅಂಕಿಗಳಾಗಿ ಬದಲಿಸುತ್ತದೆ. ಮೊದಲನೆಯದು ಇಡೀ ಚೌಕದ ಸರಾಸರಿ ಬೆಳಕು. ಮುಂದಿನವು ಬೆಳಕು ಎಷ್ಟು ನಿಧಾನವಾಗಿ, ಎಷ್ಟು ಬೇಗ ಏರಿಳಿಯುತ್ತದೆ ಅನ್ನುವುದನ್ನು ಹೇಳುತ್ತವೆ. ಗೋಡೆಯ ಚೌಕದಲ್ಲಿ ಮೊದಲ ಒಂದೆರಡು ಬಿಟ್ಟರೆ ಉಳಿದದ್ದೆಲ್ಲ ಸೊನ್ನೆಯ ಹತ್ತಿರ. ಅವನ್ನು ಪೂರ್ತಿ ಸೊನ್ನೆ ಮಾಡಿಬಿಟ್ಟರೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಫೈಲು ಮಾತ್ರ ಚಿಕ್ಕದಾಗುತ್ತದೆ. ಜರಿ ಅಂಚಿನ ಚೌಕದಲ್ಲಿ ಹಾಗಲ್ಲ, ಪ್ರತಿ ಎಳೆಗೂ ಬೆಳಕು ಏರಿಳಿಯುತ್ತದೆ, ಸೊನ್ನೆ ಮಾಡಿದರೆ ಅಂಚು ಮಸುಕಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಹಳೇ ಗ್ರೂಪ್ ಫೋಟೊಗಳಲ್ಲಿ ಮುಖದ ಸುತ್ತ ಚೌಕ ಚೌಕ ಕಾಣುತ್ತದಲ್ಲ, ಅದು ಇದೇ ಚೌಕ. ಪ್ರತಿ ಸಲ ಮತ್ತೆ ಕುಗ್ಗಿಸಿ ಉಳಿಸಿದಾಗ ಇನ್ನಷ್ಟು ಅಂಕಿಗಳು ಸೊನ್ನೆಯಾಗುತ್ತವೆ, ಅವು ವಾಪಸ್ ಬರುವುದಿಲ್ಲ.

ಎಚ್‌ಇಐಸಿ ಬುದ್ಧಿವಂತ. ವಿಡಿಯೊಗೆಂದು 2013ರಲ್ಲಿ ಬಂದ ಎಚ್‌ಇವಿಸಿ ವಿಧಾನವನ್ನೇ ಅದು ಫೋಟೊಗೆ ಬಳಸುತ್ತದೆ. ಚೌಕಗಳು ಒಂದೇ ಅಳತೆಯಲ್ಲಿ ಇರಬೇಕಿಲ್ಲ, ಗೋಡೆಗೆ ದೊಡ್ಡದು, ಜರಿಗೆ ಚಿಕ್ಕದು. ಪಕ್ಕದ ಚೌಕ ನೋಡಿ ಇದು ಹೀಗಿರಬಹುದು ಅಂತ ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದುಕೊಳ್ಳುತ್ತದೆ. ಹಾಗಾಗಿ ಸುಮಾರು ಅರ್ಧ ಜಾಗದಲ್ಲಿ ಅದೇ ಗುಣಮಟ್ಟ ಸಿಗುತ್ತದೆ. ಐಫೋನಿನ 12 ಮೆಗಾಪಿಕ್ಸೆಲ್ ಎಚ್‌ಇಐಸಿ ಫೋಟೊವನ್ನು ಬಿಚ್ಚಿದರೆ ಒಳಗೆ 512ಕ್ಕೆ 512ರ 48 ತುಂಡುಗಳು, ಒಂದು ಪುಟ್ಟ ಮುನ್ನೋಟದ ಚಿತ್ರ, ಪೋರ್ಟ್ರೇಟ್ ಆಗಿದ್ದರೆ ಯಾವುದು ಹತ್ತಿರ ಯಾವುದು ದೂರ ಅನ್ನುವ ನಕ್ಷೆ ಕೂಡ ಸಿಗುತ್ತವೆ.

ಹಾಗಾದರೆ ಎಲ್ಲರೂ ಯಾಕೆ ಬಳಸುತ್ತಿಲ್ಲ? ದುಡ್ಡು. ಎಚ್‌ಇವಿಸಿ ಮೇಲೆ ಬಹಳಷ್ಟು ಕಂಪನಿಗಳ ಪೇಟೆಂಟ್ ಇದೆ, ಅದನ್ನು ವಸೂಲು ಮಾಡುವ ಒಕ್ಕೂಟಗಳೇ ಒಂದಕ್ಕಿಂತ ಜಾಸ್ತಿ. ಅದಕ್ಕೇ ಎಷ್ಟೋ ವಿಂಡೋಸ್ ಕಂಪ್ಯೂಟರುಗಳಲ್ಲಿ ಈ ಫೋಟೊ ತೆರೆಯಲು ಎಚ್‌ಇವಿಸಿ ಎಕ್ಸ್‌ಟೆನ್ಷನ್ ಬೇರೆಯಾಗಿ ಹಾಕಿಕೊಳ್ಳಬೇಕು, ಅದಕ್ಕೆ ಸಣ್ಣದೊಂದು ಬೆಲೆಯೂ ಇದೆ. ಊರಿನ ಸ್ಟುಡಿಯೊಗೆ ಪ್ರಿಂಟ್‌ಗೆ ಕೊಟ್ಟರೆ ‘ಓಪನ್ ಆಗ್ತಿಲ್ಲ’ ಅನ್ನುತ್ತಾರೆ, ಆನ್‌ಲೈನ್ ಅರ್ಜಿ ತುಂಬುವಾಗ ಜೆಪೆಗ್ ಮಾತ್ರ ಅನ್ನುತ್ತದೆ. ಆಗ ಕೆಲವರು ಸುಮ್ನೆ ಫೈಲಿನ ಕೊನೆಯ ಅಕ್ಷರ ಬದಲಿಸಿ ‘ಜೆಪಿಜಿ’ ಅಂತ ಹಾಕುತ್ತಾರೆ. ಕೆಲಸ ಆಗುವುದಿಲ್ಲ. ಒಳ್ಳೆಯ ಪ್ರೋಗ್ರಾಂ ಹೆಸರನ್ನು ನಂಬುವುದಿಲ್ಲ, ಫೈಲಿನ ಮೊದಲ ಬೈಟುಗಳನ್ನು ಓದುತ್ತದೆ. ಜೆಪೆಗ್ ಆದರೆ ಅಲ್ಲಿ ‘ಎಫ್‌ಎಫ್ ಡಿ8’ ಅನ್ನುವ ಗುರುತು ಇರಲೇಬೇಕು.

ಐಫೋನ್ ಸೆಟ್ಟಿಂಗ್ಸ್‌ನಲ್ಲಿ, ಫೋಟೊಸ್ ವಿಭಾಗದ ಕೊನೆಯಲ್ಲಿ, ಕಂಪ್ಯೂಟರ್‌ಗೆ ಸಾಗಿಸುವಾಗ ‘ಆಟೊಮ್ಯಾಟಿಕ್’ ಮತ್ತು ‘ಕೀಪ್ ಒರಿಜಿನಲ್ಸ್’ ಅಂತ ಎರಡು ಆಯ್ಕೆ ಇವೆ. ಆಟೊಮ್ಯಾಟಿಕ್ ಇದ್ದರೆ ಫೋನು ದಾರಿಯಲ್ಲೇ ಒಂದೊಂದನ್ನೂ ಜೆಪೆಗ್ ಮಾಡಿ ಕಳಿಸುತ್ತದೆ. ಸಾವಿರಾರು ಫೋಟೊ ಇದ್ದಾಗ ನಡುವೆ ಏದುಸಿರು ಬಿಟ್ಟು ನಿಲ್ಲುತ್ತದೆ, ಸಾಧನ ಕೆಲಸ ಮಾಡುತ್ತಿಲ್ಲ ಅಂತ ವಿಂಡೋಸ್ ಹೇಳುತ್ತದೆ. ಕೇಬಲ್ ಹಾಳಾಗಿದೆ ಅಂತ ಹೊಸದು ಕೊಳ್ಳುವ ಮೊದಲು ಕೀಪ್ ಒರಿಜಿನಲ್ಸ್ ಒತ್ತಿ ನೋಡಿ. ನನ್ನ ಅಭಿಪ್ರಾಯವಂತೂ ಗಟ್ಟಿ: ಕಾಪಿ ಮಾಡುವಾಗ ಮೂಲವನ್ನೇ ತನ್ನಿ, ಬೇಕಾದಾಗ ಬೇಕಾದ ನಾಲ್ಕನ್ನು ಜೆಪೆಗ್ ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ.

ಆಂಡ್ರಾಯ್ಡ್‌ನ ತೊಂದರೆ ಬೇರೆ, ಅದು ಕೇಬಲ್ಲಿನದ್ದು. ಮೊದಲೆಲ್ಲ ಫೋನನ್ನು ಕಂಪ್ಯೂಟರ್‌ಗೆ ಚುಚ್ಚಿದರೆ ಪೆನ್‌ಡ್ರೈವ್ ಥರ ಕಾಣುತ್ತಿತ್ತು. ಆದರೆ ಒಂದೇ ಮೆಮೊರಿಯಲ್ಲಿ ಫೋನೂ ಕಂಪ್ಯೂಟರೂ ಒಟ್ಟಿಗೆ ಬರೆಯಲು ಹೋದರೆ ಎಲ್ಲ ಕಲಸಿಹೋಗುತ್ತದೆ, ಹಾಗಾಗಿ ಕಂಪ್ಯೂಟರ್ ಓದುವಷ್ಟು ಹೊತ್ತು ಫೋನು ತನ್ನ ಮೆಮೊರಿಯನ್ನೇ ಬಿಟ್ಟುಕೊಡಬೇಕಿತ್ತು. 2011ರ ಹೊತ್ತಿಗೆ ಆಂಡ್ರಾಯ್ಡ್ ಎಂಟಿಪಿ ಅನ್ನುವ ವಿಧಾನಕ್ಕೆ ಬದಲಾಯಿತು. ಇದರಲ್ಲಿ ಕಂಪ್ಯೂಟರ್ ನೇರವಾಗಿ ಕೈ ಹಾಕುವುದಿಲ್ಲ, ‘ಆ ಫೈಲು ಕೊಡು’ ಅಂತ ಫೋನನ್ನು ಕೇಳುತ್ತದೆ, ಫೋನು ಕೊಡುತ್ತದೆ. ಸುರಕ್ಷಿತ, ಆದರೆ ನಿಧಾನ. ಹತ್ತು ಸಾವಿರ ಫೋಟೊ ಇರುವ ಫೋಲ್ಡರ್ ತೆರೆದರೆ ಪಟ್ಟಿ ಬರುವುದಕ್ಕೇ ಹೊತ್ತು ಹಿಡಿಯುತ್ತದೆ. ಮ್ಯಾಕ್‌ಗೆ ಈ ಭಾಷೆ ತಾನಾಗೇ ಬರುವುದಿಲ್ಲ, ಬೇರೆ ಆ್ಯಪ್ ಬೇಕು. ಫೋನು ಚಾರ್ಜ್ ಮಾತ್ರ ಆಗುತ್ತಿದೆ, ಕಂಪ್ಯೂಟರ್‌ನಲ್ಲಿ ಏನೂ ಕಾಣುತ್ತಿಲ್ಲ ಅಂದರೆ, ಪರದೆಯನ್ನು ಮೇಲಿನಿಂದ ಎಳೆದು ‘ಫೈಲ್ ಟ್ರಾನ್ಸ್‌ಫರ್’ ಆರಿಸಬೇಕು.

ಫೋನಾಗಲಿ ಕ್ಯಾಮೆರಾ ಆಗಲಿ, ಫೋಟೊಗಳು ಇರುವುದು ‘ಡಿಸಿಐಎಂ’ ಅನ್ನುವ ಫೋಲ್ಡರ್‌ನಲ್ಲಿ. ಕ್ಯಾಮೆರಾ ಕಂಪನಿಗಳು ಕಾರ್ಡುಗಳಲ್ಲಿ ಒಂದೇ ಥರ ಫೋಟೊ ಇಡಲಿ ಅಂತ 1998ರಲ್ಲಿ ಜಪಾನಿನಲ್ಲಿ ಮಾಡಿಕೊಂಡ ಒಪ್ಪಂದ ಅದು, ಇವತ್ತಿಗೂ ನಡೆಯುತ್ತಿದೆ. ಅದರ ಪ್ರಕಾರ ಫೈಲಿನ ಹೆಸರಿನಲ್ಲಿ ನಾಲ್ಕು ಅಕ್ಷರ, ನಾಲ್ಕು ಅಂಕಿ. 9999 ಆದಮೇಲೆ ಮತ್ತೆ 0001. ಇಲ್ಲಿ ಹುಷಾರಾಗಿರಬೇಕು. ಗಂಡನ ಫೋನು, ಹೆಂಡತಿಯ ಫೋನು ಎರಡರಲ್ಲೂ ಐಎಂಜಿ_0457 ಇರುತ್ತದೆ. ಎರಡನ್ನೂ ಒಂದೇ ಫೋಲ್ಡರ್‌ಗೆ ಸುರಿಯುವಾಗ ಕಂಪ್ಯೂಟರ್ ‘ರಿಪ್ಲೇಸ್ ಮಾಡಲಾ’ ಅಂತ ಕೇಳುತ್ತದೆ, ಅವಸರದಲ್ಲಿ ಹೂಂ ಅಂದರೆ ಒಬ್ಬರ ಫೋಟೊ ಹೋಯಿತು. ಒಂದೊಂದು ಫೋನಿಗೂ ಬೇರೆ ಬೇರೆ ಫೋಲ್ಡರ್ ಮಾಡಿ, ಹೆಸರು ಬದಲಿಸುವ ಕೆಲಸ ಆಮೇಲೆ.

ತಾರೀಖಿನ ಕಥೆ ಇನ್ನೂ ಸೂಕ್ಷ್ಮ. ಫೋಟೊ ಒಳಗೆ ಎಕ್ಸಿಫ್ ಅನ್ನುವ ಭಾಗ ಇರುತ್ತದೆ, ತೆಗೆದ ಸಮಯ, ಜಾಗ ಎಲ್ಲ ಅದರಲ್ಲಿ. ಡಿಸ್ಕಿನಿಂದ ಡಿಸ್ಕಿಗೆ ಕಾಪಿ ಮಾಡಿದಾಗ ಫೋಲ್ಡರ್‌ನಲ್ಲಿ ಕಾಣುವ ತಾರೀಖು ಬದಲಾದರೂ ಎಕ್ಸಿಫ್ ಹಾಗೇ ಇರುತ್ತದೆ, ಗಾಬರಿ ಬೇಡ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಮಾತ್ರ ಎಕ್ಸಿಫ್ ಹೋಗುತ್ತದೆ, 12 ಮೆಗಾಪಿಕ್ಸೆಲ್ ಇದ್ದದ್ದು ಎರಡು-ಮೂರಕ್ಕೆ ಇಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಹಾಗೇ ಹೋಗುತ್ತದೆ. ಮದುವೆಯಲ್ಲಿ ನೆಂಟರ ಫೋನಿನಲ್ಲಿರುವ ಫೋಟೊ ಕೇಳುವಾಗ ‘ಡಾಕ್ಯುಮೆಂಟ್ ಮಾಡಿ ಕಳಿಸಿ ಅತ್ತೆ’ ಅಂತ ಒಂದು ಮಾತು ಹೇಳಿ, ಸಾಕು.

ಇನ್ನೊಂದು ವಿಚಿತ್ರ. ಎಕ್ಸಿಫ್‌ನಲ್ಲಿ ಬರೆಯುವುದು ಗಡಿಯಾರದ ಸಮಯ, ಯಾವ ದೇಶದ ಗಡಿಯಾರ ಅಂತ ಹೇಳುವ ಜಾಗ ಅದರಲ್ಲಿ 2016ರವರೆಗೆ ಇರಲೇ ಇಲ್ಲ. ಎಂಪಿ4 ವಿಡಿಯೊದ ನಿಯಮ ಬೇರೆ, ಅದರಲ್ಲಿ ಯುಟಿಸಿ, ಅಂದರೆ ಗ್ರೀನಿಚ್ ಹೊತ್ತು ಬರೆಯಬೇಕು. ಬೆಳಿಗ್ಗೆ 10:30ರ ಮುಹೂರ್ತದಲ್ಲಿ ಫೋಟೊ, ವಿಡಿಯೊ ಎರಡನ್ನೂ ತೆಗೆದಿರಿ ಅನ್ನಿ. ಈ ವ್ಯತ್ಯಾಸ ಅರಿಯದ ಪ್ರೋಗ್ರಾಂನಲ್ಲಿ ಸಮಯದ ಪ್ರಕಾರ ಜೋಡಿಸಿದರೆ ತಾಳಿ ಕಟ್ಟುವ ವಿಡಿಯೊ ಬೆಳಗಿನ 5 ಗಂಟೆಗೆ, ಅರಿಶಿನದ ಫೋಟೊಗಳಿಗಿಂತ ಮೊದಲು ಬಂದು ಕೂರುತ್ತದೆ. ಫೈಲು ಕೆಟ್ಟಿಲ್ಲ, ಐದೂವರೆ ಗಂಟೆ ಕೂಡಿಸಿದರೆ ಸರಿಹೋಗುತ್ತದೆ.

ಇಡುವುದು ಎಲ್ಲಿ? ಪೆನ್‌ಡ್ರೈವ್ ಹಳೆಯ ಫ್ಯಾಟ್32 ವ್ಯವಸ್ಥೆಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ತೆಗೆದುಕೊಳ್ಳುವುದೇ ಇಲ್ಲ, ಎಷ್ಟೇ ಜಾಗ ಖಾಲಿ ಇದ್ದರೂ. ಐಫೋನಿನ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ, ಅಂದರೆ 24 ನಿಮಿಷದ ನಾಟ್ಯ ರೆಕಾರ್ಡ್ ಮಾಡುವಷ್ಟರಲ್ಲಿ ಮಿತಿ ಮುಟ್ಟುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಎರಡೂ ಕಡೆ ನಡೆಯುವುದು ಎಕ್ಸ್‌ಫ್ಯಾಟ್. ಅದರ ದೌರ್ಬಲ್ಯ ಒಂದೇ, ಬರೆಯುವಾಗ ಮಧ್ಯೆ ಕಿತ್ತರೆ ಸರಿಮಾಡಿಕೊಳ್ಳಲು ಅದರ ಹತ್ತಿರ ದಾಖಲೆ ಇರುವುದಿಲ್ಲ. ‘ಇಜೆಕ್ಟ್’ ಒತ್ತಿಯೇ ತೆಗೆಯಿರಿ.

ಕ್ಲೌಡ್ ಇದೆಯಲ್ಲ ಅನ್ನಬಹುದು. ಒಳ್ಳೆಯದೇ, ಒಂದು ಪ್ರತಿ ಅಲ್ಲಿರಲಿ. ಆದರೆ ನಿಯಮ ಬದಲಾಗುತ್ತದೆ: ಗೂಗಲ್ ಫೋಟೊಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು, ಈಗ ಜಿಮೇಲ್ ಸೇರಿ 15 ಜಿಬಿ. ಐಕ್ಲೌಡ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ‘ಆಪ್ಟಿಮೈಸ್ ಸ್ಟೋರೇಜ್’ ಆನ್ ಇದ್ದರೆ ಫೋನಿನಲ್ಲಿ ಇರುವುದು ಎಷ್ಟೋ ಫೋಟೊಗಳ ಚಿಕ್ಕ ರೂಪ ಮಾತ್ರ, ದೊಡ್ಡದು ಕ್ಲೌಡಿನಲ್ಲಿ. ಪರದೆಯ ಮೇಲೆ ಎಲ್ಲವೂ ಕಾಣುತ್ತದೆ, ಕೇಬಲ್ ಹಾಕಿದರೆ ಅರ್ಧ ಬರುವುದೇ ಇಲ್ಲ. ಹಾಗಾಗಿ ಕಾಪಿ ಆದಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ಹೋಲಿಸಿ ನೋಡಿ. ಅದು ತಾಳೆಯಾಗಿ, ಇನ್ನೊಂದು ಡಿಸ್ಕಿಗೂ ಹೋಗಿ, ಅದು ಬೇರೆ ಮನೆಯಲ್ಲಿ ಇಟ್ಟದ್ದಾದಮೇಲೆ ಫೋನಿನದ್ದನ್ನು ಅಳಿಸಿ.

ಬೀರುವಿನಲ್ಲಿ ಹಳೇ ಡಿಜಿಟಲ್ ಕ್ಯಾಮೆರಾ ಇದ್ದರೆ ಅದರ ಕಾರ್ಡನ್ನು ಈಗಲೇ ತೆಗೆದು ನೋಡಿ. ಸೋನಿಯ ಮೆಮೊರಿ ಸ್ಟಿಕ್ ಇರಬಹುದು, ಒಲಿಂಪಸ್, ಫ್ಯೂಜಿಫಿಲ್ಮ್‌ನ ಎಕ್ಸ್‌ಡಿ ಕಾರ್ಡ್ ಇರಬಹುದು, ಇವತ್ತಿನ ಲ್ಯಾಪ್‌ಟಾಪಿನ ಕಿಂಡಿಗೆ ಅವು ಹೋಗುವುದಿಲ್ಲ. ಅವನ್ನು ಓದುವ ಕಾರ್ಡ್ ರೀಡರ್ ಇನ್ನೂ ಸಿಗುತ್ತವೆ. ಕ್ಯಾಮೆರಾದ ಹಳೇ ಕೇಬಲ್ ಇದ್ದರೆ ಅದೂ ನಡೆಯುತ್ತದೆ. ಫ್ಲ್ಯಾಶ್ ಮೆಮೊರಿಯಲ್ಲಿ ಫೋಟೊ ಇರುವುದು ಪುಟ್ಟ ಕೋಶಗಳಲ್ಲಿ ಸಿಕ್ಕಿಕೊಂಡ ವಿದ್ಯುದಾವೇಶವಾಗಿ, ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದು ನಿಧಾನಕ್ಕೆ ಸೋರುತ್ತದೆ. ಸ್ಟುಡಿಯೊದವರು ಕೊಟ್ಟ ಸಿಡಿಯಲ್ಲಿ ಇರುವುದು ಬಣ್ಣದ ಪದರ, ಅದು ಬಿಸಿಲಿಗೂ ಶೆಕೆಗೂ ಮಾಸುತ್ತದೆ. ಕಾರ್ಡನ್ನೋ ಸಿಡಿಯನ್ನೋ ಹಾಕಿದಾಗ ‘ಫಾರ್ಮ್ಯಾಟ್ ಮಾಡಲಾ’ ಅಂತ ಕೇಳಿದರೆ ಬೇಡ ಅನ್ನಿ, ಒಂದೊಂದೇ ತೆರೆದು ನೋಡುತ್ತಾ ಕೂರಬೇಡಿ, ಇಡೀ ಡಿಸಿಐಎಂ ಫೋಲ್ಡರನ್ನು ಇದ್ದ ಹಾಗೇ ಎಳೆದು ಹಾಕಿಕೊಳ್ಳಿ. ನೋಡುವುದು, ಆರಿಸುವುದು ಎಲ್ಲ ಆಮೇಲೆ ಮನೆಯವರೆಲ್ಲ ಒಟ್ಟಿಗೆ ಕೂತು ಮಾಡಬಹುದು.