ಮಾತ್ರೆ ನುಂಗಿದ ಮೇಲಿನ ಬೀಡಿ

ಉಡುಪಿಯ ನನ್ನ ಸೋದರಮಾವ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೂರನೇ ವಾರಕ್ಕೇ ಚಾವಡಿಯಲ್ಲಿ ಕುಳಿತು ಬೀಡಿ ಹಚ್ಚಿದರು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ತಪ್ಪದೆ ನುಂಗುತ್ತಿದ್ದರು. ನೀರಿನ ಲೋಟದ ಪಕ್ಕದಲ್ಲೇ ಬೆಂಕಿಪೊಟ್ಟಣ. "ರಕ್ತ ತೆಳುವಾಗಲು ಮಾತ್ರೆ ಇದೆಯಲ್ಲ ಮಾರಾಯ, ಒಂದು ಬೀಡಿಯಿಂದ ಏನಾಗುತ್ತದೆ?" ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಕರಾವಳಿ ನಮ್ಮದು, ಬೀಡಿಯನ್ನು ಬೈಯಲು ನಾಲಿಗೆ ಏಳುವುದಿಲ್ಲ. ಆದರೆ ಮಾವನ ಜೀವ ನನಗೆ ದೊಡ್ಡದು.

ಆ ಮಾತ್ರೆಗಳು ರಕ್ತವನ್ನು ತೆಳು ಮಾಡುವುದಿಲ್ಲ, ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕ್ಲೋಪಿಡೋಗ್ರೆಲ್ ಯಕೃತ್ತಿನ ಕಿಣ್ವಗಳ ಕೈಗೆ ಸಿಕ್ಕಿದ ಮೇಲೆಯೇ ಮದ್ದಾಗುವುದು. ಅವುಗಳಲ್ಲಿ ಮುಖ್ಯವಾದ ಸಿವೈಪಿ2ಸಿ19ರ ವಂಶವಾಹಿ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲ. ಅವರಲ್ಲಿ ಮಾತ್ರೆಯ ಕೆಲಸ ಅರೆಬರೆ. 2010ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಮಾತ್ರೆಯ ವಿವರಚೀಟಿಯಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಈ ದುರ್ಬಲ ರೂಪ ಯುರೋಪಿನವರಿಗಿಂತ ನಮ್ಮ ಉಪಖಂಡದವರಲ್ಲಿ ಹೆಚ್ಚು.

ಗೊಂದಲ ಹುಟ್ಟಿದ್ದು ಇಲ್ಲಿಯೇ. ತಂಬಾಕಿನ ಹೊಗೆ ಸಿವೈಪಿ1ಎ2 ಎಂಬ ಇನ್ನೊಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಕ್ಲೋಪಿಡೋಗ್ರೆಲ್ ಮದ್ದಾಗಿ ಮಾರ್ಪಡುವುದರಲ್ಲಿ ಅದರದ್ದೂ ಪಾಲಿದೆ. 19,185 ರೋಗಿಗಳ ಮೇಲೆ ನಡೆದು 1996ರಲ್ಲಿ ಪ್ರಕಟವಾದ, ಕ್ಲೋಪಿಡೋಗ್ರೆಲನ್ನು ಆಸ್ಪಿರಿನ್‌ಗೆ ಹೋಲಿಸಿದ ಕ್ಯಾಪ್ರಿ ಅಧ್ಯಯನದ ಅಂಕಿಅಂಶಗಳನ್ನು ಮುಂದೆ ಕೆದಕಿದಾಗ, ಸೇದುವವರಲ್ಲೇ ಮಾತ್ರೆಯ ಗುಣ ಹೆಚ್ಚು ಕಂಡಿತು. ಸೇದಲು ಇದೇ ನೆಪವಾದರೆ ಅನಾಹುತ.

ಏಕೆಂದರೆ ರಕ್ತನಾಳದ ಒಳಗೋಡೆಯಲ್ಲಿ ಹೊಗೆ ಎಬ್ಬಿಸುವ ಉರಿಯೂತ ಬೇರೆಯೇ ಕಥೆ. ಪ್ಲೇಟ್‌ಲೆಟ್‌ಗಳೂ ಬರೀ ಹೆಪ್ಪುಗಟ್ಟಿಸಿ ಸುಮ್ಮನಾಗುವುದಿಲ್ಲ, ಬಿಳಿ ರಕ್ತಕಣಗಳನ್ನು ಅಲ್ಲಿಗೆ ಕರೆಯುತ್ತವೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಸಿಆರ್‌ಪಿ ಎಂದು ಬರೆದಿರುತ್ತದಲ್ಲ, ಆ ಉರಿಯೂತದ ಗುರುತು ಸೇದುವವರಲ್ಲಿ ಸಾಮಾನ್ಯವಾಗಿ ಏರಿರುತ್ತದೆ. ಉರಿಯೂತದ ಸುದ್ದಿ ಒಯ್ಯುವ ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನಿನ ಸಂದೇಶ ಹುಟ್ಟಿನಿಂದಲೇ ಮಂದವಾಗಿರುವವರಲ್ಲಿ ಸಿಆರ್‌ಪಿಯೂ ಕಡಿಮೆ, ಹೃದ್ರೋಗವೂ ಕಡಿಮೆ ಎಂದು 2012ರಲ್ಲಿ ವಂಶವಾಹಿ ಅಧ್ಯಯನಗಳು ತೋರಿಸಿದವು. 2017ರಲ್ಲಿ ಬಂದ ಕ್ಯಾಂಟೋಸ್ ಪ್ರಯೋಗದ ಫಲಿತಾಂಶ ಇನ್ನೂ ಗಟ್ಟಿ: ಹಿಂದೆ ಹೃದಯಾಘಾತವಾಗಿದ್ದ 10,061 ಮಂದಿಯ ಆ ಪ್ರಯೋಗದಲ್ಲಿ, ಕೊಲೆಸ್ಟರಾಲ್ ಇಳಿಸದೆ ಉರಿಯೂತವನ್ನಷ್ಟೇ ತಗ್ಗಿಸಿದರೂ ಮರು ಆಘಾತದ ಅಪಾಯ ಇಳಿಯಿತು.

ಮಾವನಿಗೆ ಇಷ್ಟನ್ನೂ ಹೇಳಿದೆ. ವಂಶವಾಹಿ ದುರ್ಬಲವಾಗಿದ್ದರೆ ವೈದ್ಯರು ಟಿಕಾಗ್ರೆಲರ್‌ನಂತಹ ಬೇರೆ ಮಾತ್ರೆ ಕೊಡಬಲ್ಲರು. ಹಾಗೆಂದು ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಅವರು ಬಹಳ ಹೊತ್ತು ಬೀಡಿ ಕಟ್ಟಿನ ಚೀಟಿಯನ್ನೇ ನೋಡುತ್ತಾ ಕುಳಿತರು. ಅದರ ಮೇಲೆ ತಂಬಾಕು ಬಿಡಲು ನೆರವಾಗುವ ಉಚಿತ ಸಂಖ್ಯೆ ಇತ್ತು: 1800-11-2356. ಕನ್ನಡಕ ಒಳಗಿತ್ತು, ಅಂಕಿಗಳನ್ನು ನಾನೇ ಓದಿ ಹೇಳಿದೆ. ಮೊಬೈಲ್‌ನಲ್ಲಿ ಒತ್ತಿದ್ದು ಅವರೇ.