ಕೆಲವರು ಕಾಯುತ್ತಾರೆ, ಕೆಲವರಿಗೆ ಯಾಕೆ ಆಗೋದಿಲ್ಲ?

ಪ್ರಶ್ನೆ: ನಾನು, ನನ್ನ ತಮ್ಮ ಒಂದೇ ಮನೆಯಲ್ಲಿ ಬೆಳೆದವರು. ಅವನು ಹತ್ತು ವರ್ಷ ಮುಂದಿನದನ್ನು ಯೋಚಿಸಿ ಕೂಡಿಡುತ್ತಾನೆ. ನನಗೆ ಎಲ್ಲವೂ ಇವತ್ತೇ ಆಗಬೇಕು. ನನ್ನ ಮನಸ್ಸು ಅಷ್ಟು ಗಟ್ಟಿಯಿಲ್ವಾ?

ಹಾಗಂತ ನಿಮಗೆ ನೀವೇ ಹಣೆಪಟ್ಟಿ ಕಟ್ಟಿಕೊಳ್ಳಬೇಡಿ. ಇವತ್ತು ಒಂದು ಸೇಬು ಬೇಕಾ, ನಾಳೆ ಎರಡು ಬೇಕಾ ಅಂತ ಕೇಳಿದರೆ ಇವತ್ತಿನದಕ್ಕೇ ಕೈಚಾಚುವವರು ಇದ್ದಾರೆ. ಅದೇ ಜನರಿಗೆ, ಒಂದು ವರ್ಷ ಬಿಟ್ಟು ಒಂದು ಬೇಕಾ, ಒಂದು ವರ್ಷದ ಮೇಲೆ ಒಂದು ದಿನ ಬಿಟ್ಟು ಎರಡು ಬೇಕಾ ಅನ್ನಿ. ಒಂದು ದಿನ ತಾನೇ, ಕಾಯೋಣ ಅನ್ನುತ್ತಾರೆ. ಎರಡು ಕಡೆಯೂ ಜಾಸ್ತಿ ಕಾಯಬೇಕಾದ್ದು ಒಂದೇ ದಿನ, ಅಲ್ವಾ? ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1981ರಲ್ಲಿ ಕೊಟ್ಟ ಉದಾಹರಣೆ ಇದು. 'ಈಗ' ಅನ್ನೋದು ಹೆಚ್ಚು ಕಡಿಮೆ ಎಲ್ಲರ ತಕ್ಕಡಿಯಲ್ಲೂ ಭಾರವೇ. ಎಷ್ಟು ಭಾರ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ.

ಅದಕ್ಕೆ ವಯಸ್ಸು, ಸಂಪಾದನೆ, ಸ್ವಭಾವ ಎಲ್ಲವೂ ಕಾರಣ. ಆದರೆ ನನ್ನ ಮನಸ್ಸಿಗೆ ನಾಟಿದ್ದು ನಂಬಿಕೆಯ ವಿಷಯ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು 28 ಪುಟ್ಟ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. 2013ರಲ್ಲಿ ಅದು ಪ್ರಕಟವಾಯಿತು. ಮೊದಲು ಹಳೇ ಕ್ರೇಯಾನ್ ಕೊಟ್ಟು, 'ಸ್ವಲ್ಪ ಕಾಯಿ, ಚೆನ್ನಾಗಿರೋದು ತರ್ತೀನಿ' ಅಂದರು. ಅರ್ಧ ಮಕ್ಕಳಿಗೆ ನಿಜವಾಗಿಯೂ ತಂದುಕೊಟ್ಟರು. ಉಳಿದವರ ಹತ್ತಿರ ಬರಿಗೈಯಲ್ಲಿ ಬಂದು 'ತಪ್ಪಾಯ್ತು ಕಣೋ, ಬೇರೆ ಇಲ್ಲ' ಅಂದರು. ಸ್ಟಿಕ್ಕರ್ ವಿಷಯದಲ್ಲೂ ಹಾಗೇ. ಆಮೇಲೆ ಒಂದು ಮಿಠಾಯಿ ಮುಂದಿಟ್ಟು, ತಿನ್ನದೆ ಕಾದರೆ ಎರಡು ಅಂದರು. ಮಾತು ಉಳಿಸಿಕೊಂಡ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ ಕಡೆ ಬರೀ 3 ನಿಮಿಷ.

ಆ ಮಕ್ಕಳದ್ದು ತಪ್ಪಾ? ನನಗೇನೋ ಹಾಗನ್ನಿಸಲ್ಲ. ಕೈಗೆ ಬಂದದ್ದು ಬಾಯಿಗೆ ಬಾರದೆ ಹೋದ ಅನುಭವ ಆದವರಿಗೆ, ಸಿಕ್ಕಿದ್ದನ್ನು ಆಗಲೇ ತಗೊಳ್ಳೋದು ಬುದ್ಧಿವಂತಿಕೆಯೇ. ಒಂದೇ ಮನೆ ಅಂದ ಮಾತ್ರಕ್ಕೆ ನಿಮಗೂ ತಮ್ಮನಿಗೂ ದೊಡ್ಡವರು ಕೊಟ್ಟ ಮಾತುಗಳು, ಅದರಲ್ಲಿ ಉಳಿಸಿಕೊಂಡ ಮಾತುಗಳು ಒಂದೇ ಆಗಿರಬೇಕಿಲ್ಲ.

ಇನ್ನೊಂದು ವಿಷಯ. ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1970ರ ಸುಮಾರಿಗೆ ಇಂಥದ್ದೇ ಪ್ರಯೋಗ ಮಾಡಿದಾಗ, ತಿಂಡಿ ಕಣ್ಣಿಗೆ ಕಾಣದಿದ್ದಾಗ ಮಕ್ಕಳು ಜಾಸ್ತಿ ಹೊತ್ತು ಕಾದಿದ್ದರು. ತಮ್ಮನನ್ನು ಒಮ್ಮೆ ಕೇಳಿ ನೋಡಿ: ಅವನು ದುಡ್ಡು ಕೈಗೆ ಬಂದ ಮೇಲೆ ತೆಗೆದಿಡುತ್ತಾನಾ, ಅಥವಾ ಕಣ್ಣಿಗೆ ಬೀಳುವ ಮೊದಲೇ ಬೇರೆ ಖಾತೆಗೆ ಹೋಗುವ ಹಾಗೆ ಮಾಡಿಟ್ಟಿದ್ದಾನಾ?